ಟ್ರಂಕಿನ ಹಸಿರು

ಶಿರಾ ಗೇಟಿನ ಅಂಗಡಿಯಲ್ಲಿ ಮೂವತ್ತು ವರ್ಷ ಕಬ್ಬಿಣದ ಟ್ರಂಕುಗಳಿಗೆ ಬಣ್ಣ ಬಳಿದ ಖುರ್ಷಿದಾ ಬೇಗಂ, ಗಂಡ ಹಬೀಬ್ ಸಾಬ್ ಅಂಗಡಿ ಮುಚ್ಚಿದ ಮೇಲೆ ಗುಬ್ಬಿಯ ಮನೆಯಲ್ಲಿ ಸುಮ್ಮನೆ ಕೂರಲಾರದೆ ಕೂತಿದ್ದರು. ಕಿಟಕಿ ಸರಳು, ಗೇಟು, ಗ್ಯಾಸ್ ಸ್ಟ್ಯಾಂಡು ಎಲ್ಲಕ್ಕೂ ಬಳಿದಾಗಿತ್ತು. ಮನೆಯಲ್ಲಿ ಬಳಿಯಲು ಇನ್ನೇನೂ ಉಳಿದಿರಲಿಲ್ಲ.

ಪಕ್ಕದ ಮನೆಯ ಅಕ್ಷತಾ ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಲೇತ್ ಓಡಿಸುವವಳು. ರಜೆ ಸಿಕ್ಕಾಗಲೆಲ್ಲ ಹಳೆಯ ಮಾರುತಿಯೊಂದನ್ನು ಬಿಚ್ಚಿ ಜೋಡಿಸಿ, ಹಿಂದಿನ ಸೀಟು ಕಿತ್ತು, ಮಗುಚಿದರೂ ಜೀವ ಉಳಿಸುವ ಪೈಪಿನ ಪಂಜರವನ್ನು ಒಳಗೆ ಕೂರಿಸಿ ರೇಸಿಗೆ ಸಜ್ಜು ಮಾಡಿದ್ದಳು. ಮುಂದಿನ ತಿಂಗಳು ಕುಣಿಗಲ್ ಹತ್ತಿರದ ಟ್ರ್ಯಾಕಿನಲ್ಲಿ ಅವಳ ಮೊದಲ ಓಟ. ಕಾರಿನ ಮೈಮೇಲೆ ಮಾತ್ರ ಮೂರು ಬಣ್ಣದ ತೇಪೆಗಳಿದ್ದವು. ಪೇಂಟ್ ಮಾಡುವವರು ಕೇಳಿದ ದುಡ್ಡಿಗೆ ಅಂಥದ್ದೇ ಇನ್ನೊಂದು ಕಾರು ಬರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ಎನಾಮೆಲ್ ವಾಸನೆ ಬಂತು. ಖುರ್ಷಿದಾ ಹೋಗಿ ಇಣುಕಿದರು. ಅಕ್ಷತಾ ಡಬ್ಬಿಯ ಹಸಿರು ಬಣ್ಣವನ್ನು ಹಾಗೆಯೇ ರೋಲರಿಗೆ ಮೆತ್ತಿ ಎಳೆಯುತ್ತಿದ್ದಳು. ಬಾನೆಟ್ಟು ಕಿತ್ತಳೆ ಸಿಪ್ಪೆಯಂತೆ ಗುಳ್ಳೆಗುಳ್ಳೆಯಾಗಿತ್ತು. ಬಾಗಿಲ ಮೇಲೆ ಬಣ್ಣ ಸೋರಿ ಇಳಿದಿತ್ತು.

"ಏನಮ್ಮಾ, ದೋಸೆ ಹುಯ್ತಿದೀಯಾ?"

ಅಕ್ಷತಾಳ ಕಣ್ಣು ತುಂಬಿತ್ತು. "ವಿಡಿಯೋದಲ್ಲಿ ಸುಲಭ ಅನ್ನಿಸ್ತು ಆಂಟಿ. ಎಲ್ಲಾ ಹಾಳಾಯ್ತು."

"ಏನೂ ಹಾಳಾಗಿಲ್ಲ. ಒಣಗಲಿ, ಉಜ್ಜಿ ತೆಗೆಯೋಣ. ಉಪ್ಪುಕಾಗದ ತಗೊಂಬಾ."

ಉಜ್ಜುವುದಕ್ಕೇ ನಾಲ್ಕು ದಿನ ಹಿಡಿಯಿತು. ಆಮೇಲೆ ಖುರ್ಷಿದಾ ಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿ ಹಾಲಿನಷ್ಟು ತೆಳ್ಳಗೆ ಮಾಡಿದರು. ಧೂಳೇಳದಂತೆ ನೆಲಕ್ಕೆ ನೀರು ಚಿಮುಕಿಸಿದರು. ಸ್ಪಂಜಿನ ರೋಲರನ್ನು ಒತ್ತದೆ, ಅದರ ಭಾರಕ್ಕೇ ಬಿಟ್ಟು, ಒಂದೇ ದಿಕ್ಕಿಗೆ ಎಳೆದರು. ಮೊದಲ ಕೋಟು ಮುಗಿದಾಗ ಹಳೆಯ ತೇಪೆಗಳೆಲ್ಲ ಹಾಗೇ ಕಾಣುತ್ತಿದ್ದವು.

"ಏನೂ ಮುಚ್ಚಲೇ ಇಲ್ವಲ್ಲ ಆಂಟಿ?"

"ಒಂದೇ ಸಲಕ್ಕೆ ಮುಚ್ಚಬೇಕು ಅಂತ ಹೋಗಿದ್ದಕ್ಕೇ ಅವತ್ತು ಸೋರಿದ್ದು. ಇನ್ನೂ ಐದು ಕೋಟು ಇದೆ ಕಣಮ್ಮ."

ಒಂದು ಕೋಟು, ಒಂದು ದಿನ ಒಣಗಲು ಬಿಡುವುದು, ಎರಡು ಕೋಟಿಗೊಮ್ಮೆ ನೀರು ಹಾಕಿ ನಯವಾಗಿ ಉಜ್ಜುವುದು. ಅಂಗಡಿ ಮುಚ್ಚಿದಾಗಿನಿಂದ ಮಾತೇ ಕಡಿಮೆ ಮಾಡಿದ್ದ ಹಬೀಬ್ ಸಾಬ್, ನಾಲ್ಕನೆಯ ಕೋಟಿನ ಹೊತ್ತಿಗೆ ಕುರ್ಚಿ ಹಾಕಿಕೊಂಡು ಕೂತು, "ಆ ಮೂಲೆ ಬಿಟ್ಟೋಯ್ತು ನೋಡು" ಎನ್ನತೊಡಗಿದರು. ಆರನೆಯದು ಒಣಗಿದಾಗ ಬಾನೆಟ್ಟಿನ ಹೊಳಪಿನಲ್ಲಿ ಮೇಲಿನ ತೆಂಗಿನ ಗರಿಗಳು ಕನ್ನಡಿಯಲ್ಲಿ ಕಂಡಂತೆ ಒಂದೊಂದಾಗಿ ಕಂಡವು. ಹಬೀಬ್ ಸಾಬ್ ಒಳಗೆ ಹೋಗಿ ತಮ್ಮ ಕುಂಚ ತಂದರು. ಮದುವೆ ಹೆಣ್ಣಿನ ಟ್ರಂಕಿಗೆ ಹೆಸರು ಬರೆಯುತ್ತಿದ್ದ ಹಾಗೆಯೇ, ಹಳದಿ ಅಕ್ಷರಕ್ಕೆ ಕೆಂಪು ನೆರಳು ಕೊಟ್ಟು, ಬಾಗಿಲ ಮೇಲೆ 'ಅಕ್ಷತಾ' ಎಂದು ಬರೆದರು. ಖುರ್ಷಿದಾ ಗಂಡನ ಕೈಯನ್ನೇ ನೋಡುತ್ತ ನಿಂತರು.

ಓಟದ ದಿನ ಮೂವರೂ ಕುಣಿಗಲ್‌ಗೆ ಹೋದರು. ಹನ್ನೊಂದು ಕಾರುಗಳಲ್ಲಿ ಅಕ್ಷತಾಳದು ಐದನೆಯದಾಯಿತು. ಅವಳು ಕಾರಿನಿಂದ ಇಳಿದವಳೇ ಖುರ್ಷಿದಾರನ್ನು ತಬ್ಬಿಕೊಂಡಳು. ದುಬಾರಿ ಕಾರಿನವರೊಬ್ಬರು ಬಾನೆಟ್ ಸವರಿ ನೋಡಿ, "ಯಾವ ಪೇಂಟ್ ಬೂತಲ್ಲಿ ಮಾಡಿಸಿದ್ರಿ?" ಎಂದರು.

"ನಮ್ಮನೆ ಅಂಗಳದಲ್ಲಿ. ಇವ್ರೇ ಮಾಡಿದ್ದು" ಎಂದಳು ಅಕ್ಷತಾ.

ಆ ಮನುಷ್ಯ ನಕ್ಕರು. ಯಾರೂ ತಮ್ಮ ಜೊತೆ ನಗದಿದ್ದಾಗ, ಮತ್ತೊಮ್ಮೆ ಬಗ್ಗಿ ನೋಡಿ ಖುರ್ಷಿದಾರ ಫೋನ್ ನಂಬರ್ ಕೇಳಿದರು.

ಸಂಜೆ ಓಟ ನಡೆಸುವವರು, ಜೊತೆಗೊಬ್ಬರನ್ನು ಕೂರಿಸಿಕೊಂಡು ಟ್ರ್ಯಾಕಿನಲ್ಲಿ ಒಂದು ಸುತ್ತು ಓಡಿಸಲು ಬಿಟ್ಟರು. ದುಪಟ್ಟಾದ ಮೇಲೆಯೇ ಹೆಲ್ಮೆಟ್ ಹಾಕಿಕೊಂಡು ಖುರ್ಷಿದಾ ಅಕ್ಷತಾಳ ಪಕ್ಕ ಕೂತರು. ಮೊದಲ ತಿರುವಿನಲ್ಲಿ ಕಣ್ಣು ಮುಚ್ಚಿ ದೇವರನ್ನು ನೆನೆದರು. ಎರಡನೆಯದರಲ್ಲಿ ಒಂದು ಕಣ್ಣು ತೆರೆದರು. ನೇರ ದಾರಿ ಬಂದಾಗ ಅವರ ಹೊಟ್ಟೆಯೊಳಗಿಂದ ಎದ್ದ ನಗು ಸುತ್ತು ಮುಗಿಯುವ ತನಕ ನಿಲ್ಲಲಿಲ್ಲ.

ಇಳಿದವರೇ ಹೆಲ್ಮೆಟ್ಟನ್ನು ಗಂಡನ ಕೈಗಿಟ್ಟರು. "ಈಗ ನೀವು ಹೋಗ್ರಿ. ಓಡೋವಾಗ ನಮ್ಮ ಬಣ್ಣ ಹೆಂಗೆ ಕಾಣುತ್ತೆ ಅಂತ ನಾನು ನೋಡ್ಬೇಕು."

ಹಬೀಬ್ ಸಾಬ್ ಆಗಲೇ ಕಾರಿನ ಬಾಗಿಲು ತೆಗೆಯುತ್ತಿದ್ದರು.