ಕಳ್ಳಿಪೊದೆಯೊಳಗಿನ ಕಲ್ಲು

ಸೂರಪ್ಪ ಹೆಂಡತಿಯನ್ನು ಹರಿಹರದ ತವರಿಗೆ ಕಳಿಸಿದ್ದೇ ಈ ಕೆಲಸಕ್ಕಾಗಿ. ಉಡಚಮ್ಮ ಮನೆಯಲ್ಲಿದ್ದಿದ್ದರೆ ಹಾರೆ ಎಲ್ಲಿಗೆ, ಮಚ್ಚು ಯಾಕೆ ಎಂದು ಕೇಳುತ್ತಿದ್ದಳು. ಅವಳ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ತಾಕತ್ತು ಅವನಿಗೆ ಯಾವತ್ತೂ ಇರಲಿಲ್ಲ.

ಶಾಮನೂರಿನ ಆಚೆ, ಅವನ ಹೊಲಕ್ಕೂ ಸತ್ತ ತಮ್ಮ ಮಾರಣ್ಣನ ಹೊಲಕ್ಕೂ ನಡುವೆ ಒಂದು ಕಳ್ಳಿಬೇಲಿ. ಪಾಲಾದ ವರ್ಷ ಅಣ್ಣತಮ್ಮಂದಿರು ಸೇರಿಯೇ ನೆಟ್ಟಿದ್ದು. ಮಾರಣ್ಣ ತೀರಿಕೊಂಡ ಮೇಲೆ ಅವನ ಹೆಂಡತಿ ಯಲ್ಲಕ್ಕನಿಗೆ ಗಂಡು ದಿಕ್ಕಿಲ್ಲ, ಬೇಲಿ ಸವರುವವರಿಲ್ಲ. ಸೂರಪ್ಪ ಮಾತ್ರ ವರ್ಷವರ್ಷವೂ ತನ್ನ ಮಗ್ಗುಲನ್ನು ಚೊಕ್ಕವಾಗಿ ಸವರಿ, ಸವರಿದಷ್ಟಕ್ಕೂ ನೇಗಿಲು ಹೊಡೆದ. ಒಂದು ಮಗ್ಗುಲು ಕೊಯ್ದರೆ ಕಳ್ಳಿ ಇನ್ನೊಂದು ಮಗ್ಗುಲಿಗೇ ಬೆಳೆಯುತ್ತದೆ. ಹೀಗೆ ಬೇಲಿ ಸದ್ದಿಲ್ಲದೆ ಪಡುವಣಕ್ಕೆ, ಯಲ್ಲಕ್ಕನ ಹೊಲದೊಳಕ್ಕೆ ನಡೆದುಕೊಂಡು ಹೋಗಿತ್ತು. ತಾನೇನೂ ಕೈಯಾರೆ ಕದ್ದಿಲ್ಲವಲ್ಲ ಎಂದು ಸೂರಪ್ಪ ನೆಮ್ಮದಿಯಾಗಿದ್ದ. ಇಂಥ ನೆಮ್ಮದಿ ಬಹಳ ಜನಕ್ಕೆ ಇರುತ್ತದೆ ಬಿಡಿ.

ಆದರೆ ಗಡಿಗೆ ನೆಟ್ಟ ಬಾಂದುಕಲ್ಲು ನಡೆದಿರಲಿಲ್ಲ. ಅದು ಹಳೆಯ ಜಾಗದಲ್ಲೇ ಇತ್ತು. ಅದರ ಸುತ್ತಲಿನ ಕಳ್ಳಿಯನ್ನು ಮಾತ್ರ ಸೂರಪ್ಪ ಒಂದು ದಿನವೂ ಮುಟ್ಟದೆ, ಆಳೆತ್ತರದ ಪೊದೆಯಾಗಲು ಬಿಟ್ಟಿದ್ದ. ಅದರೊಳಗೆ ನಾಗರಹಾವು ಇದೆ ಎಂದು ಊರಲ್ಲಿ ಹಬ್ಬಿಸಿದವನೂ ಅವನೇ.

ಈಗ ಭದ್ರಾ ಕಾಲುವೆ ಬರುತ್ತಿತ್ತು. ಸೋಮವಾರ ಮೋಜಣಿಯವರು ಸರಪಳಿ ಹಿಡಿದು ಹೊಲ ಅಳೆಯುತ್ತಾರೆಂದು ಡಂಗುರವಾಗಿತ್ತು. ಅಷ್ಟರೊಳಗೆ ಕಲ್ಲನ್ನು ಕಿತ್ತು, ಬೇಲಿಯ ಆಚೆ ಮಗ್ಗುಲಿಗೆ ಹುಗಿದುಬಿಡಬೇಕು.

ಶನಿವಾರ ಮಧ್ಯಾಹ್ನ, ದಾವಣಗೆರೆಯ ಮಿಲ್ಲಿನ ಕೂಗು ಕೇಳಿ ಹೊಲಗಳೆಲ್ಲ ಉಣ್ಣಲು ಖಾಲಿಯಾದ ಹೊತ್ತಿಗೆ ಅವನು ಪೊದೆಗೆ ಮಚ್ಚು ಹಾಕಿದ. ಆಷಾಢದ ಪಡುವಣ ಗಾಳಿ ಬೀಸುತ್ತಿತ್ತು. ಕಳ್ಳಿ ಕಡಿಯುವವರು ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಅದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆಂದು ಆ ಸೀಮೆಯ ಮಕ್ಕಳಿಗೂ ಗೊತ್ತು. ಗಾಳಿಗೆ ಬೆನ್ನು ಕೊಡಬೇಕೆಂದರೆ ಯಲ್ಲಕ್ಕನ ಹೊಲದಲ್ಲಿ ನಿಲ್ಲಬೇಕು. ಅಲ್ಲಿ ನಿಂತರೆ ಅವಳ ಹೊಲದ ಮನೆಯ ಅಂಗಳಕ್ಕೆ ನೇರ ಕಾಣುತ್ತದೆ. ಸೂರಪ್ಪ ಗಾಳಿಗೆ ಮುಖ ಮಾಡಿ ನಿಂತ.

ಒಣಕಡ್ಡಿ ಸರಕ್ಕೆಂದರೆ ತಾನೇ ಹುಟ್ಟಿಸಿದ ನಾಗರ ನೆನಪಾಗಿ ಕಾಲು ಹಿಂದೆ ಬರುತ್ತಿತ್ತು. ಕೊನೆಗೂ ಕಲ್ಲು ಕಂಡಿತು. ಅದನ್ನು ಕಂಡದ್ದೇ ಅಪ್ಪ ಕೆಂಚವೀರಪ್ಪನ ದನಿ ಕಿವಿಯಲ್ಲಿ ಎದ್ದಿತು. ಪಾಲಿನ ದಿನ ಇಬ್ಬರು ಮಕ್ಕಳ ಅಂಗೈಯನ್ನೂ ಇದೇ ಕಲ್ಲಿನ ಮೇಲೆ ಇಡಿಸಿ ಅಪ್ಪ ಆಣೆ ಹಾಕಿಸಿದ್ದ: "ಇದನ್ನ ಕಿತ್ತೋನ ಕಣ್ಣು ಹೋಗ್ಲಿ."

"ಮುದುಕರ ಮಾತು," ಎಂದು ಸೂರಪ್ಪ ಗಟ್ಟಿಯಾಗಿಯೇ ಹೇಳಿಕೊಂಡು ಹಾರೆ ಮೀಟಿದ. ಹಾರೆಯ ತುದಿ ಕಲ್ಲಿನ ಮೂಲೆಯನ್ನು ಕಚ್ಚಿ ಚಕ್ಕೆ ಎಬ್ಬಿಸಿತು. ಕಲ್ಲು ಅಲುಗಿ ವಾಲಿತು. ಮೇಲೊಂದು ದಪ್ಪ ಕೊಂಬೆ ಅಡ್ಡವಾಗಿತ್ತು. ಅದಕ್ಕೆ ಮಚ್ಚು ಬೀಸಿದ. ಹಾಲು ಚಿಮ್ಮಿತು, ಗಾಳಿ ಅದನ್ನು ಎತ್ತಿ ಅವನ ಎರಡೂ ಕಣ್ಣಿಗೆ ಎರಚಿತು.

ಮೊದಲು ಬೆಂಕಿ, ಆಮೇಲೆ ಕತ್ತಲೆ. ರೆಪ್ಪೆ ತೆರೆಯಲಾಗಲಿಲ್ಲ. "ಅಪ್ಪಾ, ತಪ್ಪಾತೋ!" ಎಂದು ಸೂರಪ್ಪ ಕಿರುಚಿದ. ಐವತ್ತು ದಾಟಿದ ಗಂಡಸು ಹಾಗೆ ಕಿರುಚಿದ್ದನ್ನು ಯಾರೂ ಕೇಳಿರಲಿಕ್ಕಿಲ್ಲ. ಓಡಬೇಕೆನ್ನಿಸಿತು, ಆದರೆ ಹತ್ತಿರದಲ್ಲೇ ಕಟ್ಟೆಯಿಲ್ಲದ ಬಾವಿ. ಅದು ಎಡಕ್ಕೋ ಬಲಕ್ಕೋ ತಿಳಿಯದೆ ನಿಂತಲ್ಲೇ ನೆಲಕ್ಕೆ ಕುಸಿದು, ಮಣ್ಣನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.

"ಕೊಟ್ರವ್ವಾ, ಓಡಿ ಬಾ! ನಿಮ್ ದೊಡ್ಡಪ್ಪಗೆ ಕಣ್ಣು ಉಜ್ಜಬ್ಯಾಡ ಅನ್ನು!"

ಯಲ್ಲಕ್ಕನ ದನಿ. ಗಂಡನ ಅಣ್ಣನ ಎದುರು ಮಾತಾಡಬಾರದೆಂಬ ರಿವಾಜನ್ನು ಅವಳು ಮದುವೆಯಾದಾಗಿನಿಂದ ಬಿಟ್ಟವಳಲ್ಲ. ಏನೇ ಇದ್ದರೂ ಮಕ್ಕಳ ಮೂಲಕವೇ. ಚೊಚ್ಚಲ ಬಾಣಂತನಕ್ಕೆ ಬಂದಿದ್ದ ಮಗಳು ಕೊಟ್ರವ್ವ ಓಡಿ ಬಂದಳು.

"ದೊಡ್ಡಪ್ಪ, ಮುಖ ಮ್ಯಾಲೆತ್ರಿ. ಹೆದರಬ್ಯಾಡ್ರಿ."

ತಲೆಯನ್ನು ಯಾರೋ ಮಡಿಲಿಗೆ ಎಳೆದುಕೊಂಡರು. ರೆಪ್ಪೆ ಬಿಡಿಸಿದರು. ಉರಿಯುವ ಕಣ್ಣಿಗೆ ಬೆಚ್ಚಗಿನ ಹನಿಗಳು ಬಿದ್ದವು. ಕಳ್ಳಿಹಾಲು ಬಿದ್ದ ಕಣ್ಣಿಗೆ ಆ ಕಡೆ ಎದೆಹಾಲು ಬಿಡುತ್ತಾರೆ. ಹಸುಗೂಸಿನ ಪಾಲಿನ ಹಾಲು ತನ್ನ ಕಣ್ಣಿಗೆ ಬೀಳುತ್ತಿದೆ ಎಂದು ತಿಳಿದಾಗ ಸೂರಪ್ಪನಿಗೆ ನಾಚಿಕೆಯಾಗಲಿಲ್ಲ, ಇನ್ನೂ ಹೆಚ್ಚು ಭಯವಾಯಿತು. ಕಲ್ಲು ಅಲ್ಲೇ ವಾಲಿಕೊಂಡಿದೆ. ಹಾರೆ ಅಲ್ಲೇ ಬಿದ್ದಿದೆ. ಇವರು ನೋಡಿದರೇ? ನೋಡಿದ ಮೇಲೂ ಹಾಲು ಬಿಡುತ್ತಾರೆಯೇ?

ಗಾಡಿ ಕಟ್ಟಿ ದಾವಣಗೆರೆಗೆ ಒಯ್ದರು. ಡಾಕ್ಟರು ಕಣ್ಣು ತೊಳೆದು ಪಟ್ಟಿ ಕಟ್ಟಿ, "ಈಗಲೇ ಏನೂ ಹೇಳೋಕಾಗಲ್ಲ" ಎಂದರು. ಆ ಮಾತು ಅವನ ಜೊತೆಗೇ ಮನೆಗೆ ಬಂತು. ಉಡಚಮ್ಮ ಹರಿಹರದಿಂದ ಅಳುತ್ತ ಬಂದಳು. ಭಾನುವಾರ ಕೊಟ್ರವ್ವ ಬಂದು ಪಟ್ಟಿ ಸಡಿಲಿಸಿ ಮತ್ತೆ ಹಾಲು ಬಿಟ್ಟಳು. ಪಟ್ಟಿಯ ಸಂದಿಯಲ್ಲೂ ಕತ್ತಲೆಯೇ. ಅವಳ ಕೈ ತಾಗಿದಾಗಲೆಲ್ಲ ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಅವನು ಉಸಿರು ಬಿಗಿಹಿಡಿದ. ಅವಳು ಕೇಳಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸೋಮವಾರ ಹೊಲದಲ್ಲಿ ಜನ ಸೇರಿದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಸೂರಪ್ಪನೂ ಹೋಗಿ ನಿಂತ. ಸರಪಳಿಯ ಗಿಲಕಿ ಸದ್ದು ಕೇಳಿಸಿತು. ಮೋಜಣಿದಾರ ಪಂಚಾಕ್ಷರಪ್ಪ ಕೇಳಿದರು:

"ಬಾಂದುಕಲ್ಲು ಎಲ್ಲಿ? ಬೇಲಿ ಹಿಡಿದೇ ಅಳೀಲೇನು?"

ಯಲ್ಲಕ್ಕ ಅಲ್ಲೇ ಇದ್ದಳು. ಅವಳು ಕೆಮ್ಮಿದ್ದು ಸೂರಪ್ಪನಿಗೆ ಕೇಳಿಸಿತ್ತು. ಅವಳು ಬಾಯಿ ಬಿಡಲಿಲ್ಲ. ಸೂರಪ್ಪ ಹೂಂ ಎಂದುಬಿಟ್ಟರೆ ಬೇಲಿಯವರೆಗಿನ ನೆಲವೆಲ್ಲ ತನ್ನದೇ. ಆದರೆ ಪಟ್ಟಿಯೊಳಗಿನ ಕತ್ತಲೆಯೂ ತನ್ನದೇ ಆಗಿ ಉಳಿದರೆ?

"ಕೊಟ್ರವ್ವ, ಕೈ ಹಿಡಿ ತಾಯಿ. ಪೊದೆ ಹತ್ರ ಕರಕೊಂಡು ಹೋಗು."

ಕಡಿದ ಕಳ್ಳಿಯನ್ನು ಯಾರೋ ಮತ್ತೆ ಪೊದೆಯ ಬಾಯಿಗೆ ಒಟ್ಟಿದ್ದರು. ಅದನ್ನು ಸರಿಸಿ ಅವನು ಮಂಡಿಯೂರಿ ತಡವಿದ. ವಾಲಿದ ಕಲ್ಲು, ಅಗೆದ ಗುಂಡಿ ಸಿಕ್ಕೀತೆಂದು, ಊರ ಮುಂದೆ ಮಾನ ಹೋಗುವುದೆಂದು ಅವನು ಅಂಜಿದ್ದ. ಕಲ್ಲು ನೆಟ್ಟಗೆ ನಿಂತಿತ್ತು. ಅಲುಗಿಸಿದ, ಅಲುಗಲಿಲ್ಲ. ಬುಡದ ಮಣ್ಣನ್ನು ಯಾರೋ ತುಳಿದು ಗಟ್ಟಿ ಮಾಡಿದ್ದರು. ಹಾರೆ ಚಕ್ಕೆ ಎಬ್ಬಿಸಿದ ಮೂಲೆಗೆ ಬೆರಳು ಹೋಯಿತು. ಅಲ್ಲಿ ಮೆತ್ತಿದ ಮಣ್ಣಿತ್ತು.

ಸೂರಪ್ಪ ಕಲ್ಲನ್ನು ತಬ್ಬಿಕೊಂಡು ಅತ್ತುಬಿಟ್ಟ. "ಇದೇ ಕಲ್ರಿ ಸ್ವಾಮಿ. ಇಲ್ಲಿಂದ ಪಡುವಣಕ್ಕೆ ಇರೋದೆಲ್ಲ ನನ್ ತಮ್ಮಂದು. ಬೇಲಿ ನಡೆಸಿದೋನು ನಾನು."

ಕಣ್ಣೀರಿಗೆ ಪಟ್ಟಿ ತೊಯ್ದು ಜಾರಿತು. ಬೆಳಕು ಸೂಜಿಯಂತೆ ಚುಚ್ಚಿತು. ಮಬ್ಬಿನಲ್ಲಿ ಅವನ ಮುಖದ ಹತ್ತಿರ ಪಟ್ಟಿ ಎತ್ತಿಕೊಡಲು ಬಂದ ಎರಡು ಕೈ ಕಂಡವು. ಕೊಟ್ರವ್ವನ ಎಳೆಯ ಕೈಗಳಲ್ಲ. ಕಳ್ಳಿಹಾಲಿಗೆ ಮೊಣಕೈವರೆಗೂ ಬೊಬ್ಬೆ ಎದ್ದ ಕೈಗಳು.

"ಕೊಟ್ರವ್ವ," ಎಂದಳು ಯಲ್ಲಕ್ಕ, ಸೆರಗು ಮುಂದಕ್ಕೆಳೆದುಕೊಂಡು, "ನಿಮ್ ದೊಡ್ಡಪ್ಪಗೆ ಅಳಬ್ಯಾಡ ಅನ್ನು. ಕಣ್ಣು ಇನ್ನೂ ಹಸಿ ಐತೆ."