ಮುದುಕಿಯ ಎಡಗಣ್ಣು

ಡ್ರೈವರ್ ಮಾಮ ಗಟ್ಟಿ ನೆಲದ ಮೇಲೆ ನಡೆಯುವಾಗಲೂ ನೆಲವನ್ನು ಪೂರ್ತಿ ನಂಬುತ್ತಿರಲಿಲ್ಲ. ಮೂವತ್ನಾಲ್ಕು ವರ್ಷ ಬಸ್ಸಿನ ಕುಲುಕಾಟಕ್ಕೆ ಒಗ್ಗಿದ ಕಾಲುಗಳನ್ನು ಅಗಲಿಸಿ, ತಿರುವು ಬಂದಲ್ಲಿ ಮೈಯನ್ನು ಇಷ್ಟೇ ಇಷ್ಟು ವಾಲಿಸಿ, ಗಜಗಾಂಭೀರ್ಯದಿಂದ ಸಾಗುವುದು ಅವರ ಪದ್ಧತಿ. ನಿವೃತ್ತರಾದ ಮರುವಾರವೇ ಅದೇ ಖಾಕಿ ಕೋಟು ತೊಟ್ಟು ಅವರು ಚಿತ್ರಶಾಲೆಯ ಮೆಟ್ಟಿಲು ಹತ್ತಿದಾಗ, "ಅರವತ್ತಕ್ಕೆ ಅರಳುಮರಳು" ಎಂದು ನೆಂಟರು ನಕ್ಕರು. ಮಾಮ ಹತ್ತುವುದನ್ನು ನಿಲ್ಲಿಸಲಿಲ್ಲ.

ಅಲ್ಲಿ ಕಲಿಕೆಯೆಂದರೆ ಹಳೆಯ ತೈಲಚಿತ್ರವೊಂದರ ಅಚ್ಚುಪ್ರತಿಯನ್ನು ಎದುರಿಗಿಟ್ಟುಕೊಂಡು ಯಥಾವತ್ತಾಗಿ ಮತ್ತೆ ಬರೆಯುವುದು. ಉಳಿದವರು ಸುಲಭದ ಮುಖಗಳನ್ನು ಹುಡುಕಿಕೊಂಡರೆ, ಮಾಮ ಆರಿಸಿದ್ದು ಶತಮಾನಗಳ ಹಿಂದಿನ ಒಬ್ಬ ಮುದುಕಿಯನ್ನು: ಬಿಳಿಯ ತಲೆವಸ್ತ್ರ, ಸುಕ್ಕುಗಟ್ಟಿದ ಕೆನ್ನೆ, ನೆರಳಿನಲ್ಲಿ ಅರ್ಧ ಮುಳುಗಿದ ಎಡಗಣ್ಣು. ಮೊದಲು ಕಂದು ಬಣ್ಣದ ತೆಳುಲೇಪ, ಅದು ಒಣಗಿದ ಮೇಲೆ ಬೆಳಕು, ಅದರ ಮೇಲೆ ಚರ್ಮದ ಛಾಯೆಗಳು. ಹೀಗೆ ಪದರ ಪದರವಾಗಿ, ಐದು ತಿಂಗಳಲ್ಲಿ, ಮುದುಕಿ ಕ್ಯಾನ್ವಾಸಿನೊಳಗಿಂದ ಮೆಲ್ಲಗೆ ಎದ್ದು ಬಂದಳು. ಎಡಗಣ್ಣು ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಆರು ಸಲ ಕೆರೆದು ತೆಗೆದರು.

"ಆ ಮುದುಕಿಯನ್ನೇ ಕಟ್ಕೋಬೇಕಿತ್ತು ನೀವು. ನನ್ನ ಮುಖ ಒಂದಿನ ಹೀಗೆ ನೋಡಿದ್ದುಂಟಾ?" ಎಂದು ಹೆಂಡತಿ, ಮನೆಗೆ ಮರಳಿದ ಮಾಮನ ಕೋಟಿನ ಟರ್ಪೆಂಟೈನ್ ವಾಸನೆಗೆ ಮೂಗು ಮುಚ್ಚಿಕೊಂಡೇ ಕೇಳುತ್ತಿದ್ದರು.

ವಾರ್ಷಿಕ ಪ್ರದರ್ಶನಕ್ಕೆ ಎರಡು ದಿನವಿತ್ತು. ಮಾಮ ಕುಂಚ ತೊಳೆಯಲು ಹೋದ ಹೊತ್ತಿನಲ್ಲಿ ಮೇಷ್ಟ್ರು ಬಂದು ನಾಲ್ಕೇ ಗೀಟಿನಲ್ಲಿ ಆ ಕಣ್ಣಿಗೆ ಜೀವ ತುಂಬಿಬಿಟ್ಟರು. ಕೋಣೆಯಲ್ಲಿದ್ದವರೆಲ್ಲ ಭಲೇ ಎಂದರು. ಮಾಮ ಹಿಂತಿರುಗಿ, ಬಹಳ ಹೊತ್ತು ನೋಡಿ, ಬಟ್ಟೆಚೂರೊಂದನ್ನು ಟರ್ಪೆಂಟೈನಿನಲ್ಲಿ ಅದ್ದಿ ಆ ಕಣ್ಣನ್ನು ಒರೆಸಿ ಹಾಕಿದರು.

"ಏನ್ರೀ ಇದು! ಎಷ್ಟು ಚೆನ್ನಾಗಿತ್ತು!" ಮೇಷ್ಟ್ರ ಮುಖ ಕೆಂಪಾಯಿತು.

"ಚೆನ್ನಾಗೇ ಇತ್ತು ಸಾರ್. ಆದ್ರೆ ಓಡ್ತಿರೋ ಬಸ್ಸಿನ ಸ್ಟೇರಿಂಗಿಗೆ ಇನ್ನೊಬ್ಬರು ಕೈ ಹಾಕಬಾರದು."

"ಹಾಗಾದ್ರೆ ಇದನ್ನ ಪ್ರದರ್ಶನಕ್ಕೆ ಇಡಲ್ಲ."

"ಇಡಬೇಡಿ."

ಹಸಿ ಕ್ಯಾನ್ವಾಸನ್ನು ಎದೆಯಿಂದ ಮೊಳ ದೂರ ಹಿಡಿದು ಅವತ್ತೇ ಮನೆಗೆ ತಂದರು; ಏಳನೆಯ ಕಣ್ಣನ್ನು ನಡುಮನೆಯಲ್ಲೇ ಬರೆದರು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ದಿಟ್ಟಿಸಿದರು. "ಸ್ವಲ್ಪ ಮೆಳ್ಳೆ. ಆದ್ರೆ ಎಲ್ಲಿ ನಿಂತ್ರೂ ನನ್ನನ್ನೇ ಗದರಿಸ್ತಾಳಲ್ರೀ!"

ಪ್ರದರ್ಶನ ಮುಗಿದ ಸೋಮವಾರ ಮಾಮ ಹೊಸ ಕ್ಯಾನ್ವಾಸಿನೊಂದಿಗೆ ಅದೇ ಚಿತ್ರಶಾಲೆಗೆ ಹೋಗಿ, ಏನೂ ನಡೆದೇ ಇಲ್ಲವೆಂಬಂತೆ ಸ್ಟೂಲು ಎಳೆದುಕೊಂಡು ಕೂತರು. ಮೇಷ್ಟ್ರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೂಗಿನ ನೆರಳು ಹೇಗೆ ಬೀಳುತ್ತದೆಂಬುದನ್ನು ಬಾಯಲ್ಲೇ ಹೇಳಿಕೊಟ್ಟರು.

ಇಂಥವರಿಗೆ ವಿನಯವಿಲ್ಲವೆಂದು ಲೋಕ ದೂರುತ್ತದೆ. ಪರರ ಚಿತ್ರವೊಂದರೆದುರು ಐದು ತಿಂಗಳು ತಲೆಬಾಗಿ ಕೂರುವುದಕ್ಕಿಂತ ದೊಡ್ಡ ವಿನಯ ಯಾವುದಿದೆಯೋ ಕಾಣೆ. ಕಲಿಯಲೆಂದು ಯಾರ ಬಳಿಗಾದರೂ ಹೋಗಬಲ್ಲ ಈ ಹಟಮಾರಿಗಳು ತಮ್ಮ ತಪ್ಪನ್ನು ಮಾತ್ರ ಯಾರ ಕೈಗೂ ಒಪ್ಪಿಸುವುದಿಲ್ಲ; ಬೇರೆಯವರು ತಿದ್ದಿದ ತಪ್ಪು ಬೇರೆಯವರ ವಿದ್ಯೆಯಾಗಿಯೇ ಉಳಿಯುತ್ತದೆಂದು ಅವರು ಬಲ್ಲರು.