ಬಳೆ ಕೂತ ಸದ್ದು

ಆರ್ಡಿಸ್‌ಳ ಕಾರಿನ ಬಲಗಡೆಯ ಹಿಂದಿನ ಚಕ್ರ ಒಂದೇ ವಾರದಲ್ಲಿ ಎರಡನೆಯ ಸಲ ಸಡಿಲವಾಗಿತ್ತು. ಕಾರು ಅವಳಿಗೆ ಷೋಕಿಯಲ್ಲ, ಹೊಟ್ಟೆಪಾಡು. ದಕ್ಷಿಣ ಡಕೋಟದ ಜಲ್ಲಿ ರಸ್ತೆಗಳಲ್ಲಿ ಟಪಾಲು ಹಂಚುವ ಕೆಲಸ, ಅದೂ ಸ್ವಂತ ಕಾರಿನಲ್ಲಿ. ಅಲ್ಲಿ ಸ್ಟಿಯರಿಂಗ್ ಕಾರಿನ ಎಡಕ್ಕೆ, ಮನೆಮನೆಯ ಟಪಾಲು ಡಬ್ಬಿಗಳು ರಸ್ತೆಯ ಬಲ ಅಂಚಿಗೆ. ಮುಂದಿನ ಉದ್ದ ಸೀಟಿನ ನಟ್ಟನಡುವೆ ಕೂತು, ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದು, ಎಡಗಾಲಲ್ಲಿ ಪೆಡಲು ಒತ್ತುತ್ತ, ಬಲಗೈಯನ್ನು ಕಿಟಕಿಯಾಚೆ ಚಾಚಿ ಡಬ್ಬಿಗೆ ಕಾಗದ ಹಾಕಬೇಕು. ಈಗಿನ ಕಾರುಗಳಲ್ಲಿ ಎರಡು ಸೀಟಿನ ಮಧ್ಯೆ ಗೂಡು ಕಟ್ಟಿರುತ್ತಾರೆ. ಅಲ್ಲಿ ಕೋಳಿ ಕೂರಬಹುದೇ ಹೊರತು ಆರ್ಡಿಸ್ ಕೂರಲಾಗದು. ಹಾಗಾಗಿ ಈ ಮುದಿ ಸ್ಟೇಷನ್ ವ್ಯಾಗನ್ನೇ ಗತಿ. ದಿನವಿಡೀ ರಸ್ತೆಯಂಚಿನ ಧೂಳು ತಿನ್ನುವುದು ಅದರ ಬಲಚಕ್ರ, ಮೊದಲು ಸಾಯುವುದೂ ಆ ಚಕ್ರದ ಬೇರಿಂಗೇ.

ಅದನ್ನು ಬದಲಿಸುವವನು ಗಂಡ ಹಾರ್ಲನ್, ಟ್ರ್ಯಾಕ್ಟರ್ ರಿಪೇರಿಯಲ್ಲೇ ತಲೆ ನರೆಸಿಕೊಂಡವನು. ಹೊಸ ಬೇರಿಂಗ್ ಹಾಕಿದ, ಚಕ್ರ ಅಲುಗಾಡಿತು. ನಟ್ಟು ಬಿಗಿ ಮಾಡಿದ, ಮತ್ತೆ ಅಲುಗಾಡಿತು.

"ಈಗಿನ ಮಾಲೇ ಇಷ್ಟು ಕಣೆ. ತಗಡು," ಎಂದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವಳು ಗೊಣಗಿದಳು. "ಆಂ?" ಎಂದ. ಇತ್ತೀಚೆಗೆ ಎಲ್ಲದಕ್ಕೂ ಆಂ. ಮದುವೆ ಹಳತಾದ ಮೇಲೆ ಯಾವ ಗಂಡಸಿಗೆ ಹೆಂಡತಿಯ ಮಾತು ಕೇಳಿಸುತ್ತದೆ ಎಂದು ಅವಳು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಶನಿವಾರ ಊಟವಾದ ಮೇಲೆ ಅವನು ಇನ್ನೊಂದು ಹೊಸ ಬೇರಿಂಗ್ ಹಿಡಿದು ಶೆಡ್ಡಿಗೆ ಹೊರಟಾಗ, ಅವಳೂ ಸ್ಟೂಲು ಹಾಕಿಕೊಂಡು ಪಕ್ಕದಲ್ಲಿ ಕೂತಳು.

"ಈ ಸಲವೂ ಅಲುಗಾಡಿದ್ರೆ ಪೇಟೆ ಗ್ಯಾರೇಜಿಗೆ ಕೊಡ್ತೀನಿ," ಎಂದು ಗಟ್ಟಿಯಾಗಿ ಹೇಳಿದಳು.

"ನನ್ನ ಹೆಂಡ್ತಿ ಕಾರು ಗ್ಯಾರೇಜಿಗಾ? ಅದಕ್ಕಿಂತ ನನ್ನ ಮಣ್ಣು ಮಾಡ್ಬಿಡು," ಎಂದು ನಕ್ಕ. ಆದರೆ ಮುಖ ಕಳೆಗುಂದಿತು. ಅವಳಿಗೆ ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಿತ್ತು: ಹಳ್ಳದ ಸೇತುವೆಯ ಮೇಲೆ ಚಕ್ರವೇ ಕಳಚಿಕೊಂಡರೆ?

ಹಾರ್ಲನ್ ಚಕ್ರ ಕಳಚಿ, ಅದರ ನಡುವೆ ಕೂರುವ ಗುಂಬವನ್ನು, ಅಂದರೆ ಹಬ್ಬನ್ನು, ಬಿಚ್ಚಿ, ಒರೆಸಿ, ಬೇರಿಂಗಿನ ಹೊಸ ಬಳೆಯನ್ನು ಅದರ ಬಾಯಿಗಿಟ್ಟ. ಬಳೆ ಸುಲಭಕ್ಕೆ ಒಳಗಿಳಿಯುವುದಿಲ್ಲ. ಹಿತ್ತಾಳೆ ಕಡ್ಡಿಯಿಟ್ಟು ಸುತ್ತಲೂ ಸುತ್ತಿಗೆಯಿಂದ ಬಡಿಯುತ್ತ ಬರಬೇಕು. ತಳ ಮುಟ್ಟುವವರೆಗೆ ಟಣಟಣ ಅನ್ನುತ್ತದೆ, ಮುಟ್ಟಿದ ಕೂಡಲೇ ಸದ್ದು ದಪ್ಪವಾಗುತ್ತದೆ. ಮುಟ್ಟದೆ ಉಳಿದರೆ ನಾಲ್ಕು ದಿನಕ್ಕೆ ಚಕ್ರ ಸಡಿಲ. ಕಲಿಯುವವರು ಟಾರ್ಚು ಹಾಕಿ ಬಗ್ಗಿ ನೋಡುತ್ತಾರೆ, ಬಲ್ಲವನಿಗೆ ಕಿವಿ ಸಾಕು ಎಂದು ಅವನೇ ಎಷ್ಟೋ ಸಲ ಜಂಬ ಕೊಚ್ಚಿದ್ದ.

ನಾಲ್ಕಾರು ಏಟು ಹಾಕಿ ಕಡ್ಡಿ ಕೆಳಗಿಟ್ಟ. "ಕೂತ್ಕೊಳ್ತು."

"ಕೂತಿಲ್ಲ ಕಣೋ. ಇನ್ನೂ ಟಣಟಣ ಅಂತಿದೆ."

"ನೀನು ಟಪಾಲು ಹಂಚು ಮಾರಾಯ್ತಿ. ಇದನ್ನ ನನಗೆ ಬಿಡು."

ಆದರೂ ಮತ್ತೆರಡು ಏಟು ಹಾಕಿದ. ಅದೇ ಟಣಟಣ. ಹಾಕುವಾಗ ಅವನ ಕಣ್ಣು ಹಬ್ಬಿನ ಮೇಲಿರಲಿಲ್ಲ, ಅವಳ ಮುಖದ ಮೇಲಿತ್ತು. ಉತ್ತರ ಗೊತ್ತಿಲ್ಲದ ಹುಡುಗ ಮೇಷ್ಟ್ರ ಮುಖ ನೋಡುವಂತೆ ನೋಡುತ್ತಿದ್ದ.

ಅವನು ಆಚೆ ತಿರುಗಿ ಗ್ರೀಸು ತುಂಬತೊಡಗಿದಾಗ, ಎದ್ದುಹೋಗಿ ಬೆನ್ನ ಹಿಂದೆ ನಿಂತು ಮಾಮೂಲಿ ದನಿಯಲ್ಲೇ ಹೇಳಿದಳು: "ಹಾರ್ಲನ್, ಶೆಡ್ಡಿಗೆ ಬೆಂಕಿ ಬಿದ್ದಿದೆ."

ಅವನು ನಿಧಾನವಾಗಿ ಬೇರಿಂಗಿಗೆ ಗ್ರೀಸು ತುಂಬುತ್ತಲೇ ಇದ್ದ.

ಅವಳು ಸುತ್ತಿಬಂದು ಅವನೆದುರು ಕುಕ್ಕರಗಾಲಲ್ಲಿ ಕೂತಳು. "ಯಾವಾಗಿಂದ?"

"ಏನು ಯಾವಾಗಿಂದ?" ಎಂದವನು ಅವಳ ಮುಖ ನೋಡಿದ. ಆಮೇಲೆ ಹೇಳಿದ: "ಹೋದ ಚಳಿಗಾಲದಿಂದ. ಎಡಗಿವಿ ಪೂರ್ತಿ ಹೋಗಿದೆ. ಬಲದ್ದು ಅರ್ಧಂಬರ್ಧ."

"ಹೇಳೋಕೆ ಏನಾಗಿತ್ತು ನಿನಗೆ ಧಾಡಿ?"

"ಹೇಳಿದ್ರೆ ನೀನು ಕಾರನ್ನ ಪೇಟೆಗೆ ಕೊಡ್ತಿದ್ದೆ."

"ಕೊಡ್ತಿದ್ದೆ! ಆ ಚಕ್ರದ ಮೇಲೆ ಕೂರೋಳು ನಾನು ಕಣೋ. ನಿನ್ನ ಮಾನ ಉಳಿಸ್ಕೊಳ್ಳೋಕೆ ನನ್ನ ಪ್ರಾಣ ಪಣಕ್ಕಿಟ್ಟೆಯಲ್ಲ!"

ಅಷ್ಟೂ ಅವನಿಗೆ ಕೇಳಿಸಿತು. ಕೈಲಿದ್ದ ಬೇರಿಂಗನ್ನು ಬಟ್ಟೆಯ ಮೇಲಿಟ್ಟು ತಲೆ ತಗ್ಗಿಸಿದ. "ಅದು ನನಗೆ ಹೊಳೀಲೇ ಇಲ್ಲ ಆರ್ಡಿಸ್. ದೇವರಾಣೆ ಹೊಳೀಲಿಲ್ಲ."

ಅವಳಿಗೆ ಸಿಟ್ಟು ಇಳಿಯಲಿಲ್ಲ. ಆದರೆ ಎದ್ದುಹೋಗಲೂ ಇಲ್ಲ. ಕಡ್ಡಿಯನ್ನೆತ್ತಿ ಅವನ ಕೈಗೆ ಕೊಟ್ಟಳು. "ಹೊಡಿ."

ಹೊಡೆದು ಅವಳನ್ನು ನೋಡಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಕಡ್ಡಿಯನ್ನು ಸರಿಸಿ ಮತ್ತೆ ಹೊಡೆದ. ಮತ್ತೂ ಇಲ್ಲ. ಇನ್ನೊಂದು ಸುತ್ತು ಬರುವಷ್ಟರಲ್ಲಿ ಸದ್ದು ದಪ್ಪವಾಯಿತು, ಅವಳು ಕೈಯೆತ್ತಿದಳು. ಅಷ್ಟಕ್ಕೇ ಬಿಡದೆ ಹಾರ್ಲನ್ ಟಾರ್ಚು ತಂದು, ಮೊಣಕಾಲೂರಿ ಬಗ್ಗಿ, ಹೊಸದಾಗಿ ಕಲಿಯುವವನಂತೆ ಬಳೆಯ ಸುತ್ತ ಬೆಳಕು ಬಿಟ್ಟು ನೋಡಿದ. ಸಂದು ಇರಲಿಲ್ಲ. ಇನ್ನೊಂದು ಬದಿಯ ಬಳೆಯನ್ನೂ ಇಬ್ಬರೂ ಹಾಗೇ ಕೂರಿಸಿದರು.

ಗ್ರೀಸು ತುಂಬಿದ ಬೇರಿಂಗುಗಳನ್ನಿಟ್ಟು ಹಬ್ಬನ್ನು ಏರಿಸಿದ. ತಿರುಗಿಸುತ್ತ ನಟ್ಟನ್ನು ಬಿಗಿದು, ಒಂಚೂರು ಹಿಂದಕ್ಕೆ ಬಿಟ್ಟು, ಅದು ಕಳಚದಂತೆ ಪಿನ್ನು ತೂರಿಸಿ ಮಡಚಿ, ಮೇಲೆ ಚಕ್ರ ಕಟ್ಟಿದ. ಅವಳು ಚಕ್ರವನ್ನು ಮೇಲೂ ಕೆಳಗೂ ಹಿಡಿದು ಮೈಯೆಲ್ಲ ಹಾಕಿ ಜಗ್ಗಿದಳು. ಜಪ್ಪಯ್ಯ ಅನ್ನಲಿಲ್ಲ.

ಕೈ ತೊಳೆಯುವಾಗ ಅವನು ನಲ್ಲಿಗೆ ಹೇಳುವಂತೆ ಹೇಳಿದ: "ಸೋಮವಾರ ಕಿವಿ ಡಾಕ್ಟರಿಗೆ ಫೋನ್ ಮಾಡು."

"ಕಿವಿ ನಿನ್ನದು. ನೀನೇ ಮಾಡು," ಎಂದಳು, ಅವನ ಬಲಗಿವಿಯ ಹತ್ತಿರ ಬಂದು.

"ಮಾಡಿದ್ದೆ, ಎರಡು ಸಲ. ಫೋನ್ ಎತ್ತಿದ ಹುಡುಗಿ ಏನೋ ಕೇಳಿದ್ಲು. ಏನು ಅಂತ ಗೊತ್ತಾಗ್ಲಿಲ್ಲ. ಇಟ್ಬಿಟ್ಟೆ."